ರಸಮಟ್ಟ

ಪಟ್ಟಿ ಬರೆದವಳು ನಾನು.
ಹನ್ನೆರಡು ತಗಡು, ನಾಲ್ಕು ಮೂಲೆಗಂಬ, ಎರಡು ಕಿಲೊ ಮೊಳೆ,
ಸಿಮೆಂಟು ಆರು ಚೀಲ, ಕುಡಿಯುವ ನೀರು, ಅಕ್ಕಿ, ಚಟ್ನಿಪುಡಿ,
ಹಾವು ಕಚ್ಚಿದರೆ ಸುತ್ತಲು ಬಟ್ಟೆ.
ಮೆಲ್ಬರ್ನ್‌ನಿಂದ ಆರು ಗಂಟೆ. ಓಮಿಯೊ ದಾಟಿದ ಮೇಲೆ
ಫೋನಿನ ಕಡ್ಡಿಗಳು ಒಂದೊಂದೇ ಉದುರಿ
ಕೊನೆಯದೂ ಹೋದಾಗ
ಹಿಂದಿನ ಸೀಟಿನಲ್ಲಿ ಟ್ಯಾಮ್ಸಿನ್ ಕಿವಿಯ ವೈರು ಕಿತ್ತು
ಮೊದಲ ಸಲ ಕಿಟಕಿಯಾಚೆ ನೋಡಿದಳು.
ಕರೆಂಟಿನ ಕಂಬವೂ ಅಲ್ಲಿಗೇ ನಿಂತಿತ್ತು,
ಇನ್ನು ಮುಂದೆ ನೀವುಂಟು ನಿಮ್ಮ ಪಾಡುಂಟು ಎನ್ನುವ ಹಾಗೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ.
ಮದುವೆಯನ್ನು ಎರಡು ಸಲ ನೋಡಿಯಾಯಿತು.
ಮನೆ ಇನ್ನೂ ಡಂಕನ್‌ನ ನೋಟ್‌ಬುಕ್ಕಿನಲ್ಲಿದೆ, ಪೆನ್ಸಿಲಿನಲ್ಲಿ.
ಅದಕ್ಕೂ ಮೊದಲು ಪಾಯಖಾನೆ,
ಈ ಶನಿವಾರ ಭಾನುವಾರದೊಳಗೆ.

ಟ್ಯಾಮ್ಸಿನ್ ಅವನ ಮಗಳು, ಹದಿನಾಲ್ಕು.
ನನ್ನನ್ನು ಕರೆಯಲು ಅವಳ ಹತ್ತಿರ ಹೆಸರಿಲ್ಲ.
ಎರಡು ವರ್ಷದಿಂದ, ನಾನು ತಿರುಗಿ ನೋಡುವ ತನಕ ಕಾದು
ಆಮೇಲೆ ಮಾತಾಡುತ್ತಾಳೆ.

ಗುಂಡಿ ತೋಡಿದೆವು. ಮಣ್ಣಲ್ಲ ಅದು,
ಹೋದ ವರ್ಷದ ಬೆಲ್ಲದ ಅಚ್ಚು.
ಮೊಣಕಾಲುದ್ದ ಇಳಿದಾಗ ಒಂದು ಮಗ್ಗುಲು ಕುಸಿದು
ಒಳಗೆ ತಣ್ಣನೆ ಕತ್ತಲು: ವೊಂಬ್ಯಾಟಿನ ಬಿಲ.
"ನಮಗಿಂತ ಮುಂಚೆ ಪಾಯ ತೋಡಿದವರಿದ್ದಾರೆ" ಎಂದು
ಡಂಕನ್ ಟೋಪಿ ತೆಗೆದ.
ಇಪ್ಪತ್ತು ಹೆಜ್ಜೆ ಜರುಗಿ ಇನ್ನೊಂದು ತೋಡಿದೆವು.

ಕಂಬ ನಿಲ್ಲಿಸುವಾಗ ನನ್ನ ಬಾಯಿಂದ ತಾನಾಗಿ ಬಂತು
"ರಸಮಟ್ಟ ಕೊಡು".
ಚಳ್ಳಕೆರೆಯಲ್ಲಿ ನನ್ನ ಸೋದರಮಾವ ಗಾರೆ ಮೇಸ್ತ್ರಿ,
ಬೇಸಿಗೆ ರಜದಲ್ಲಿ ದಾರದ ತುದಿ ಹಿಡಿಯುವ ಕೆಲಸ ನನಗೆ.
ದಿನಕ್ಕೆ ನಾಲ್ಕಾಣೆ. ಅಲುಗಿದರೆ
"ಕೈಯೋ ಬೇವಿನ ಟೊಂಗೆಯೋ?"
ಇಪ್ಪತ್ತೆಂಟು ವರ್ಷ ಅಕೌಂಟ್ಸ್ ಬರೆದ ಕೈಗೆ
ಅದು ಹೇಗೆ ನೆನಪಿತ್ತೋ.

ಏನು ಎಂದು ಅವಳು ಕೇಳಲಿಲ್ಲ. ಹಳದಿ ಕೋಲನ್ನೆತ್ತಿ
ಕಂಬಕ್ಕೆ ಆನಿಸಿ, ಗಾಜಿನೊಳಗಿನ ಗುಳ್ಳೆಗೆ ಕಣ್ಣಿಟ್ಟು
"ರಸಮಟ" ಎಂದಳು. ಮತ್ತೊಮ್ಮೆ,
ಕಲ್ಲುಸಕ್ಕರೆ ನಾಲಿಗೆಯಲ್ಲಿ ಹೊರಳಿಸಿದಂತೆ.
"ಎಡಕ್ಕೆ. ಇನ್ನೂ. ಜಾಸ್ತಿಯಾಯ್ತು. ಹಾಂ, ಉಸಿರಾಡಬೇಡಿ."
ದೊಡ್ಡವರಿಬ್ಬರೂ ಅವಳು ಹೇಳಿದಷ್ಟೇ ವಾಲಿದೆವು.

ಮೂರು ಗಂಟೆಗೆ ಬಾಗಿಲು ಎತ್ತಿದಾಗ ಗೊತ್ತಾಯಿತು:
ನನ್ನ ಪಟ್ಟಿಯಲ್ಲಿ ಬಾಗಿಲ ಕೀಲಿಲ್ಲ.
ಪೇಟೆಯ ಅಂಗಡಿ ಶನಿವಾರ ಮಧ್ಯಾಹ್ನಕ್ಕೇ ಮುಚ್ಚುತ್ತದೆ.
"ಬಾಗಿಲು ಯಾಕೆ?" ಅಂದ ಡಂಕನ್,
"ನಲವತ್ತು ಕಿಲೊಮೀಟರ್ ಸುತ್ತ ಯಾರಿದ್ದಾರೆ?"
"ನೀನಿದ್ದೀಯಲ್ಲ" ಎಂದೆವು
ನಾವಿಬ್ಬರೂ, ಒಂದೇ ಉಸಿರಿಗೆ.

ಅವಳು ಅಪ್ಪನ ಸೊಂಟ ನೋಡಿದಳು.
ಅವಳು ನೋಡಿದ್ದನ್ನು ನಾನು ನೋಡಿದೆ.
ಅಸಲಿ ಚರ್ಮದ ಬೆಲ್ಟು, ಮೂರು ಬೆರಳಗಲ;
ಮೂರು ತುಂಡು, ತುಂಡಿಗೆ ನಾಲ್ಕು ಮೊಳೆ.
ಉಳಿದ ಬಕಲ್ಲೇ ಚಿಲಕ.
ಡಂಕನ್ ನೈಲಾನ್ ಹಗ್ಗ ಬಿಗಿದುಕೊಂಡು ಅನ್ನಕ್ಕಿಟ್ಟ,
ಸೀದಿತು, ಚಟ್ನಿಪುಡಿ ಮುಚ್ಚಿಹಾಕಿತು.

ರಾತ್ರಿ ಎರಡಿರಬಹುದು.
ಟೆಂಟಿನ ಆಚೆಯಿಂದ ಪಿಸುದನಿ, ಅಪ್ಪನಿಗಲ್ಲ:
"ರಸಮಟ."
ಸುಮ್ಮನಿದ್ದೆ, ಇನ್ನೊಮ್ಮೆ ಕೇಳಲೆಂದು.
"ರಸಮಟ, ಟಾರ್ಚು."
ಹೊರಗೆ ಕಂಬಳಿ ಹೊದ್ದು ನಿಂತೆ.
"ದೂರ ಹೋಗಿ" ಅಂದಳು ಒಳಗಿಂದ. ಸ್ವಲ್ಪ ಹೊತ್ತಿಗೆ
"ಹೋದಿರಾ?"
"ಇಲ್ಲ."
ಬೆಳಕಿನ ಅಂಚಿನಲ್ಲಿ ವೊಂಬ್ಯಾಟು ಹಾದುಹೋಯಿತು,
ಬಾಡಿಗೆ ವಸೂಲಿಗೆ ಬಂದವನ ಹಾಗೆ, ಅವಸರವಿಲ್ಲದೆ.

ಬೆಳಗಾಗುವುದರೊಳಗೆ ಚರ್ಮ ಹಿಗ್ಗಿ
ಬಾಗಿಲು ಒಂದು ಅಂಗುಲ ಜೋತಿತ್ತು.
ನೆಲ ಕೆರೆಯುತ್ತಾ ತೆರೆಯುತ್ತದೆ. ಸರಿ, ತೆರೆಯಲಿ.

ಹಿಂದಿರುಗುವಾಗ ಕಡ್ಡಿಗಳೆಲ್ಲ ಮರಳಿ ಬಂದವು.
ವೈರು ಅವಳ ಕಿವಿ ಸೇರಿತು. ಮಾತಿಲ್ಲ.
ಪೆಟ್ರೋಲ್ ಬಂಕಿನಲ್ಲಿ ಡಂಕನ್ ಒಂದು ಕೈಯಲ್ಲಿ ಪೈಪು,
ಇನ್ನೊಂದರಲ್ಲಿ ಪ್ಯಾಂಟು ಹಿಡಿದು ನಿಂತಾಗ
ಮುಂದಿನ ಪಟ್ಟಿ ಶುರುಮಾಡಿದೆ:
ಕೀಲು ಮೂರು, ಬೆಲ್ಟು ಒಂದು,
ರಸಮಟ್ಟ ಎಂದು ಬರೆದು
ಅದು ಅಲ್ಲೇ, ಬಾಗಿಲ ಹಿಂದೆ, ಮೊಳೆಗೆ ತೂಗಿದೆ ಎಂದು ನೆನಪಾಗಿ
ಹೊಡೆದುಹಾಕಲು ಹೊರಟೆ.
ಬೇಡ, ಇರಲಿ.